ಕೊಸರು ಕೇಳದ ದಿನ

ಮೀನು ಮಾರುವವಳಿಗೆ ಊರ ಹೆಂಗಸರ ಬಸಿರು ಅವರ ಗಂಡಂದಿರಿಗಿಂತ ಮೊದಲು ಗೊತ್ತಾಗುತ್ತದೆ. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ನಿನ್ನೆಯವರೆಗೆ ಬುಟ್ಟಿಯೊಳಗೆ ತಲೆ ಹಾಕಿ, ಬಂಗಡೆಯ ಕಿವಿರು ಎತ್ತಿ ಕೆಂಪಿದೆಯೋ ಕಪ್ಪಾಗಿದೆಯೋ ಎಂದು ನೋಡುತ್ತಿದ್ದವಳು ಇವತ್ತು ಬಾಗಿಲಲ್ಲೇ ನಿಂತು ಮೂಗಿಗೆ ಸೆರಗು ಹಿಡಿದಳೆಂದರೆ ಮುಗಿಯಿತು, ಬೇರೆ ಪರೀಕ್ಷೆ ಬೇಡ. ಕಾಶಿ ಅಂಥ ಬಾಗಿಲ ಮುಂದೆ ಬುಟ್ಟಿ ಇಳಿಸುತ್ತಿರಲಿಲ್ಲ. "ಇವತ್ತು ನನ್ನ ಮೀನು ಸಮ ಇಲ್ಲ, ನಾಳೆ ಬರ್ತೆ" ಎಂದು ತನ್ನ ಮಾಲನ್ನು ತಾನೇ ಹಳಿದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು. ಆ ಮನೆಯವರೇ ಬಾಯಿ ಬಿಡುವ ತನಕ ಅವಳ ಬಾಯಿಂದ ಒಂದು ಶಬ್ದ ಹೊರಬೀಳುತ್ತಿರಲಿಲ್ಲ.

ರಾಮನಗುಳಿಯ ಹೆಂಗಸರು ಅವಳನ್ನು ನಂಬಿದ್ದು ಹೀಗೆ. ಕಾಶಿಯ ಮನೆ ಹಟ್ಟಿಕೇರಿಯಿಂದ ಆಚೆ, ಬೇಲೇಕೇರಿಯ ಕಡಲದಂಡೆಯಲ್ಲಿ. ತವರು ಕಾಳಿ ಹೊಳೆ ಕಡಲು ಸೇರುವ ಚಿತ್ತಾಕುಲ. ಬೆಳಗಾಗುವ ಮುಂಚೆ ಅಂಕೋಲೆಯ ಪೇಟೆಗೆ ಹೋಗಿ ಮೀನು ಕೊಳ್ಳುವುದು, ಟೆಂಪೋ ಹತ್ತಿ ಗಂಗಾವಳಿ ಹೊಳೆಯ ಬದಿಯ ರಾಮನಗುಳಿಯಲ್ಲಿ ಇಳಿಯುವುದು, ಒಂದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಬುಟ್ಟಿ ಹೊತ್ತು ನಡೆಯುವುದು, ಇದು ಅವಳ ಅರ್ಧ ಆಯುಸ್ಸಿನ ಕೆಲಸ. ಬುಟ್ಟಿಯ ಮೀನು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಹೊಟ್ಟೆಯೊಳಗಿನ ಸುದ್ದಿ ಮಾತ್ರ ತುಂಬುತ್ತಲೇ ಹೋಗುತ್ತಿತ್ತು. ಯಾರ ಮಗಳಿಗೆ ಯಾವ ಕಡೆಯಿಂದ ಸಂಬಂಧ ಕೇಳಿದ್ದಾರೆ, ಯಾವ ಅಣ್ಣ ತಮ್ಮಂದಿರು ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಓಣಿಯ ಬಾಯಲ್ಲೇ ಇರುವ ಮನೆಯ ಮುದುಕಿ ಬೀರಿಗೆ ಡಾಕ್ಟರು ಉಪ್ಪಿನ ಒಣಮೀನು ಬೇಡವೆಂದಿದ್ದರೂ ಬಸಳೆ ಸೊಪ್ಪಿನ ಕಟ್ಟಿನೊಳಗೆ ಒಂದು ಹಿಡಿ ಒಣ ಶೆಟ್ಲಿ, ಅಂದರೆ ಸಿಗಡಿ, ಯಾರಿಂದ ಬರುತ್ತದೆ ಎಂಬುದೂ ಗೊತ್ತು. ಆ ಹಿಡಿಯನ್ನು ಕಾಶಿ ವರ್ಷ ವರ್ಷ ಸಣ್ಣದು ಮಾಡುತ್ತ ಬಂದಿದ್ದಾಳೆಂಬುದು ಬೀರಿಗೂ ಗೊತ್ತಿಲ್ಲದ ಸಂಗತಿ.

ಇಂಥದ್ದಕ್ಕೆಲ್ಲ ಕಾಶಿಯ ಬಾಯಲ್ಲಿ ಒಂದೇ ಶಬ್ದ: ಗುಪಿತ. ಮನೆಮಾತು ಕೊಂಕಣಿಯಾದರೂ ಓಣಿಯಲ್ಲಿ ಕನ್ನಡ ಆಡುವಾಗಲೂ ಅವಳು ಗುಟ್ಟು ಎನ್ನುತ್ತಿರಲಿಲ್ಲ, ಗುಪಿತ ಎಂದೇ ಹೇಳುತ್ತಿದ್ದಳು. ಹೇಳಿ, ಬುಟ್ಟಿಯ ಮೇಲೆ ಮುಚ್ಚಿದ ಸಾಗವಾನಿ ಎಲೆಯನ್ನು ಅಂಗೈಯಿಂದ ಒಮ್ಮೆ ಒತ್ತುತ್ತಿದ್ದಳು. ಅಷ್ಟಾದರೆ ಆ ಮಾತು ಅಲ್ಲಿಗೆ ಮುಗಿದಂತೆ.

ನವರಾತ್ರಿಗೆ ಚಿತ್ತಾಕುಲದಿಂದ ಅವಳ ಅಣ್ಣನ ಮಗಳು ಪ್ರಗತಿ ಬಂದಿದ್ದಳು. ಕಾಲೇಜಿನಲ್ಲಿ ಓದುವ ಹುಡುಗಿ, ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಅಜ್ಜ ಯಾರು, ಮುತ್ತಜ್ಜ ಯಾರು ಎಂದು ಹುಡುಕುವ ಚಟ. ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದ ಕಾಶಿಯ ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಅತ್ತೆ, ನೀನು ಮಾತಿಗೊಮ್ಮೆ ಗುಪಿತ ಅಂತೀಯಲ್ಲ, ಅದು ಎಲ್ಲಿಂದ ಬಂದದ್ದು ಗೊತ್ತದೆಯಾ?"

"ಚಿತ್ತಾಕುಲದಿಂದ. ನನ್ನ ಆಯಿ ಹೇಳ್ತಿತ್ತು."

ಪ್ರಗತಿ ನಕ್ಕಳು. ನಕ್ಕು, ತರಗತಿಯಲ್ಲಿ ಕೇಳಿದ್ದನ್ನು ಹೇಳಿದಳು. ಗುಪಿತ ಬಂದದ್ದು ಸಂಸ್ಕೃತದ ಗುಪ್ತದಿಂದ. ಗುಪ್ತ ಅಂದರೆ ಮೊದಲಿಗೆ ಬಚ್ಚಿಟ್ಟದ್ದು ಅಂತಲೇ ಅಲ್ಲ, ಕಾಪಾಡಿದ್ದು. ಬಚ್ಚಿಡುವ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿತು. ಇನ್ನೂ ಹಿಂದೆ ಹೋದರೆ ಅಲ್ಲಿ ಸಿಗುವವನು ಗೋಪ, ಅಂದರೆ ದನ ಕಾಯುವವನು. ದನ ಕಾಯುವುದರಿಂದ ಕಾಯುವುದು, ಕಾಯುವುದರಿಂದ ಮುಚ್ಚಿಡುವುದು, ಹೀಗೆ ಮೆಟ್ಟಿಲಿಳಿದು ಬಂದ ಮಾತಂತೆ ಅದು.

ಕಾಶಿ ಕೈಯಲ್ಲಿದ್ದ ಕತ್ತಿಯನ್ನು ನಿಲ್ಲಿಸಿ ಹುಡುಗಿಯ ಮುಖ ನೋಡಿದಳು. "ದನ ಕಾಯೂದಕ್ಕೂ ಗುಪಿತಕ್ಕೂ ಎಂತಾ ಸಂಬಂಧವೇ? ದನ ಕಾಯುವವ ಬೆಳಗಿಂದ ಸಂಜೆ ತನಕ ಹೋ ಹೋ ಹೇಳಿ ಬೊಬ್ಬೆ ಹೊಡಿತಾ ಇರ್ತಾನೆ. ಅಂಥವನ ಹೊಟ್ಟೇಲಿ ಗುಪಿತ ನಿಲ್ತದಾ? ನಿನ್ನ ಮಾಸ್ತರಿಗೆ ಹೇಳು, ದನಾನೂ ಕಾದವರಲ್ಲ, ಗುಪಿತಾನೂ ಕಾದವರಲ್ಲ ಹೇಳಿ."

ಅಷ್ಟು ಹೇಳಿ ಮತ್ತೆ ಮೀನಿಗೆ ಕೈ ಹಾಕಿದಳು. ಆದರೆ ಕಾಪಾಡಿದ್ದು ಎಂಬ ಒಂದು ಮಾತು ಅವಳ ಮನಸ್ಸಿನಲ್ಲಿ ಎಲ್ಲೋ ಮುಳ್ಳಿನಂತೆ ಉಳಿಯಿತು. ಅವಳನ್ನು ಹಾಗೆ ಯಾರೂ ಕಾಪಾಡಿರಲಿಲ್ಲ.

ಗಂಡ ತುಳಸಿದಾಸ ಹೋದ ದಿನ ಕಾಶಿ ಅಂಕೋಲೆಯ ಪೇಟೆಯಲ್ಲಿ ಕೂತು ಒಂದು ರಾಶಿ ತಾರ್ಲೆ ಮೀನಿಗೆ ಚೌಕಾಸಿ ಮಾಡುತ್ತಿದ್ದಳು. ಸೈಕಲ್ಲಿನಲ್ಲಿ ಬಂದ ಒಬ್ಬಾತ ಕಾಲು ನೆಲಕ್ಕೂರುವ ಮೊದಲೇ ಪೇಟೆಗೆಲ್ಲ ಕೇಳುವಂತೆ ಕೂಗಿದ. ತುಳಸಿದಾಸನ ದೋಣಿ ಮಗುಚಿತು, ಹೆಣ ಸಿಕ್ಕಿತು. ಕೂಗಿದವನು ಕೆಟ್ಟವನಲ್ಲ. ಅವಳು ಅಲ್ಲಿ ಕೂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಆದರೆ ಕಾಶಿ ಆ ಸುದ್ದಿಯನ್ನು ಒಂದು ಕೈಯಲ್ಲಿ ತಾರ್ಲೆ ಹಿಡಿದುಕೊಂಡು, ಊರೆಲ್ಲ ತನ್ನ ಮುಖ ನೋಡುತ್ತಿರುವಾಗ ಕೇಳಿದಳು. ಮೀನು ಕೆಳಗಿಡಬೇಕೆಂದೂ ಅವಳಿಗೆ ಹೊಳೆಯಲಿಲ್ಲ. ಸಾವಿನ ದುಃಖವನ್ನು ಕಾಲ ಸವೆಸಿತು, ಆ ಕೂಗನ್ನು ಸವೆಸಲಿಲ್ಲ. ಸುದ್ದಿಗೂ ಒಂದು ಮನೆ ಬೇಕು, ಒಂದು ಹೊತ್ತು ಬೇಕು ಎಂದು ಅವಳು ಕಲಿತದ್ದು ಅವತ್ತು. ಅಂದಿನಿಂದ ಬೇರೆಯವರ ಸುದ್ದಿಯನ್ನು ಅವಳು ಎಲೆ ಮುಚ್ಚಿಯೇ ಹೊತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಮಂದಿ, ಬದುಕಿದವರು ಕಡಿಮೆ.

ನವರಾತ್ರಿ ಕಳೆದು ಪ್ರಗತಿ ಊರಿಗೆ ಮರಳಿದ ಮೇಲಿನ ಮಾತು ಇದು. ಕಾಶಿಯ ಒಬ್ಬನೇ ಮಗ ಸಂದೇಶ ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಒಂದು ಸಂಜೆ ಹಾಗೆಯೇ ಹೋದ. ರಾತ್ರಿ ಗಾಳಿ ಎದ್ದಿತು. ಮಾಡಿನ ಹಂಚು ಸದ್ದು ಮಾಡಿದಾಗ ಕಾಶಿ ಮಗ್ಗುಲು ಬದಲಿಸಿ, ಗಾಳಿ ಬಂದರೆ ದ್ವೀಪದ ಮರೆಗೆ ಹೋಗಿ ನಿಲ್ಲುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಳಿಗ್ಗೆ ಎಂದಿನಂತೆ ಪೇಟೆಗೆ ಹೋದಳು. ಮಗನಿಗೆ ಪ್ರೀತಿಯ ನೋಗಲಿ ಮೀನು ನಾಲ್ಕು ಸಿಕ್ಕವು. ಅವನ್ನು ಎಲೆಯಲ್ಲಿ ಸುತ್ತಿ ಬುಟ್ಟಿಯ ತಳಕ್ಕೆ ಹಾಕಿದಳು. ದಿನಾ ಕಡಲಿಗೆ ಹೋಗುವವನಿಗೆ ತಾಯಿ ಪೇಟೆಯಿಂದ ಮೀನು ಕೊಂಡೊಯ್ಯುವುದೆಂದರೆ ನಗುವವರು ನಗಬಹುದು, ಆದರೆ ಬೋಟಿನವರಿಗೆ ಸಿಗುವುದೇ ಒಂದು, ನಾಲಿಗೆ ಬೇಡುವುದೇ ಇನ್ನೊಂದು.

ಅವಳ ಟೆಂಪೋ ಅಂಕೋಲೆ ಬಿಟ್ಟ ಮೇಲೆ ಮನೆಗೆ ಸುದ್ದಿ ಬಂತು. ಉಳಿದ ಬೋಟುಗಳೆಲ್ಲ ದಡ ಸೇರಿವೆ, ಸಂದೇಶನ ಬೋಟು ಬಂದಿಲ್ಲ, ಯಾರ ಫೋನೂ ತಾಗುತ್ತಿಲ್ಲ. ಸೊಸೆ ರೂಪಾ ಅತ್ತೆಗೆ ಫೋನು ಮಾಡಲು ಹೊರಟು ಕೈ ತಡೆದಳು. ತಾರ್ಲೆ ಹಿಡಿದು ಕೂತ ಆ ದಿನದ ಕತೆ ಅವಳಿಗೆ ಗೊತ್ತಿತ್ತು. ಅತ್ತೆಗಲ್ಲ, ರಾಮನಗುಳಿಯ ದೀಪಾಳಿಗೆ ಫೋನು ಮಾಡಿದಳು. ದೀಪಾ ಅಂದರೆ ಬೀರಿಯ ಸೊಸೆ, ಜಗದೀಶನ ಹೆಂಡತಿ. ಓಣಿಯೆಲ್ಲ ಸುತ್ತಿ ಕೊನೆಗೆ ಕಾಶಿ ದಿನಾ ಮಧ್ಯಾಹ್ನ ಬುತ್ತಿ ಬಿಚ್ಚುವುದು ಅವರ ಜಗಲಿಯ ಮೇಲೆ. "ಅಕ್ಕಾ, ಆಯಿಗೆ ದಾರಿಯಲ್ಲಿ ಯಾರೂ ಹೇಳಿಬಿಡೂದು ಬೇಡ. ಉಂಡು, ನಿಮ್ಮವರ ಯಾರ ಜೊತೆಗಾದ್ರೂ ಮನೆಗೆ ಬಂದ್ರೆ ಸಾಕು. ಬಂದ ಮೇಲೆ ನಾವು ಹೇಳ್ತೇವೆ." ಇದೆಲ್ಲ ಕಾಶಿಗೆ ಆಮೇಲೆ ತಿಳಿದದ್ದು.

ಟೆಂಪೋ ಇಳಿದಾಗ ದೀಪಾ ರಸ್ತೆಯ ಬದಿಯಲ್ಲೇ ನಿಂತಿದ್ದಳು. "ಕಾಶಿಬಾಯಿ, ನಿಮ್ಮ ಫೋನು ಕೊಡಿ, ಚಾರ್ಜಿಗೆ ಹಾಕಿಡ್ತೆ. ಮಧ್ಯಾಹ್ನದ ಮೇಲೆ ಕರೆಂಟು ಹೋಗ್ತದಂತೆ" ಎಂದಳು. ಕಾಶಿ ಸೊಂಟದ ಚೀಲದಿಂದ ಫೋನು ತೆಗೆದು ಕೊಟ್ಟಳು. ಇಷ್ಟು ಉಪಕಾರಬುದ್ಧಿ ಬೆಳಿಗ್ಗೆ ಬೆಳಿಗ್ಗೆ ಎಲ್ಲಿಂದ ಬಂತು ಎಂದು ಅವಳಿಗೆ ಅನ್ನಿಸಲಿಲ್ಲವೆಂದಲ್ಲ. ಆದರೆ ಮೀನು ಕಾಯುವುದಿಲ್ಲ.

ಆ ಓಣಿಯಲ್ಲಿ ಮೀನು ವ್ಯಾಪಾರಕ್ಕೆ ಒಂದು ಕ್ರಮವಿತ್ತು. ಮೊದಲು ಮೀನನ್ನು ಹಳಿಯಬೇಕು. ಆಮೇಲೆ ಕ್ರಯವನ್ನು ಹಳಿಯಬೇಕು. ಅದೂ ಮುಗಿದ ಮೇಲೆ ಕೊಸರು ಕೇಳಬೇಕು, ಅಂದರೆ ವ್ಯಾಪಾರದ ಮೇಲೆ ಮತ್ತೊಂದು ಮೀನು. ಕೊಸರು ಕೇಳದೆ ಮೀನು ಕೊಂಡ ಹೆಂಗಸು ಆ ಓಣಿಯಲ್ಲಿ ಹುಟ್ಟಿಯೂ ಇರಲಿಲ್ಲ, ಮದುವೆಯಾಗಿ ಬಂದೂ ಇರಲಿಲ್ಲ. ಬೀರಿಯಂತೂ ಒಂದು ಬಂಗಡೆಗಾಗಿ ಮಹಾಭಾರತವನ್ನೇ ನಡೆಸುತ್ತಿದ್ದಳು. ಕಾಶಿಯೂ ಕಡಿಮೆಯವಳಲ್ಲ. ಕೊಸರಿಗೆಂದೇ ಸಣ್ಣ ಮೀನುಗಳನ್ನು ಬುಟ್ಟಿಯ ಒಂದು ಬದಿಗೆ ಬೇರೆ ಇಟ್ಟಿರುತ್ತಿದ್ದಳು, ಕೊಡುವಾಗ ಮಾತ್ರ ಕರುಳು ಕಿತ್ತು ಕೊಟ್ಟವಳ ಮುಖ ಮಾಡುತ್ತಿದ್ದಳು. ಇಬ್ಬರಿಗೂ ಇದು ಆಟವೆಂದು ಗೊತ್ತು, ಇಬ್ಬರೂ ಹಾಗೆಂದು ಒಪ್ಪುತ್ತಿರಲಿಲ್ಲ.

ಅವತ್ತು ಮೊದಲ ಮನೆಯ ದೇವಿ ಬಟ್ಟಲು ತಂದಳು, ಬಂಗಡೆ ಹಾಕಿಸಿಕೊಂಡಳು, ಕೇಳಿದ ಕ್ರಯ ಕೊಟ್ಟಳು, ಬೆನ್ನು ತಿರುಗಿಸಿ ಒಳಗೆ ಹೋದಳು. ಕಾಶಿಗೆ ಖುಷಿಯಾಯಿತು. ಬೋಣಿ ಒಳ್ಳೆಯದಾಯಿತು ಎಂದುಕೊಂಡಳು. ಎರಡನೆಯ ಮನೆಯಲ್ಲಿ ಹೊಸ ಸೊಸೆ ಚಂದನಾ, ಇವಳು ಬಾಯಿ ತೆರೆಯುವ ಮೊದಲೇ ದುಡ್ಡು ಜಗಲಿಯ ಮೇಲಿಟ್ಟು, ಅಂಗಳದ ತುಳಸಿಯ ಕಡೆ ಮುಖ ಮಾಡಿ ನಿಂತಳು. ಹೊಸಬಳು, ನಾಚಿಕೆ ಇರಬೇಕು. ಕಾಶಿ ತಾನಾಗಿ ಒಂದು ಸಣ್ಣ ಮೀನು ಮೇಲೆ ಹಾಕಲು ಹೋದರೆ, "ಇರ್ಲಿ ಬಿಡಿ" ಎಂದಳು.

ಇರಲಿ ಬಿಡಿ. ಈ ಮಾತನ್ನು ಕಾಶಿ ಅಷ್ಟು ವರ್ಷಗಳಲ್ಲಿ ಆ ಓಣಿಯಲ್ಲಿ ಕೇಳಿರಲಿಲ್ಲ.

ಮುಂದಿನ ಮನೆಯಲ್ಲೂ ಅದೇ. ಅದರ ಮುಂದಿನ ಮನೆಯಲ್ಲೂ ಅದೇ. ಬಟ್ಟಲು ಬರುತ್ತಿತ್ತು, ಮೀನು ಹೋಗುತ್ತಿತ್ತು, ಬೆನ್ನು ತಿರುಗುತ್ತಿತ್ತು. ಯಾರೂ ಕಿವಿರು ಎತ್ತಿ ನೋಡಲಿಲ್ಲ. ಇದು ನಿನ್ನೆಯದ್ದು ಎಂದು ಯಾರೂ ಹಳಿಯಲಿಲ್ಲ. ಕೊಸರಿನ ಮೀನು ಬುಟ್ಟಿಯ ಬದಿಯಲ್ಲಿ ಇದ್ದಲ್ಲೇ ಇತ್ತು. ಬುಟ್ಟಿ ಹಗುರವಾಗುತ್ತ ಹೋದಂತೆ ಕಾಶಿಯ ಎದೆ ಭಾರವಾಗುತ್ತ ಹೋಯಿತು. ಮೊದಲು ಅವಳಿಗೆ ಬಂದ ಯೋಚನೆ, ತನ್ನಿಂದ ಏನೋ ತಪ್ಪಾಗಿದೆ ಎಂದು. ಯಾರದ್ದೋ ಗುಪಿತ ಹೊರಬಿದ್ದಿದೆ, ಊರಿಗೂರೇ ತನ್ನ ಮೇಲೆ ಮುನಿಸಿಕೊಂಡಿದೆ. ಆದರೆ ಮುನಿಸಿಕೊಂಡವರು ಮೀನು ಕೊಳ್ಳುತ್ತಾರೆಯೇ? ಮುನಿಸಿದ್ದರೆ ಬೀರಿ ಇಷ್ಟು ಹೊತ್ತಿಗೆ ಓಣಿಯ ನಡುವೆ ನಿಂತು ಅವಳ ಏಳು ತಲೆಮಾರನ್ನು ತೊಳೆಯುತ್ತಿರಲಿಲ್ಲವೇ?

ಅಷ್ಟರಲ್ಲಿ ಓಣಿಯ ಬಾಯಲ್ಲಿ ಪೀಂ ಪೀಂ ಎಂದು ಸದ್ದಾಯಿತು. ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಮೀನು ಮಾರುವ ಹುಡುಗರ ಪೈಕಿ ಒಬ್ಬ. ಕಾಶಿಗೆ ಈ ಬೈಕಿನವರನ್ನು ಕಂಡರೆ ಆಗದು. ಬೀರಿಗೆ ಅವರೆಂದರೆ ಪ್ರಾಣ, ಏಕೆಂದರೆ ಅವರ ಕ್ರಯ ತೋರಿಸಿ ಕಾಶಿಯನ್ನು ಇಳಿಸಬಹುದು, ಕಾಶಿಯ ಕ್ರಯ ತೋರಿಸಿ ಅವರನ್ನು ಇಳಿಸಬಹುದು. ಕಾಶಿ ತಿರುಗಿ ನೋಡಿದಳು. ಓಣಿಯ ಬಾಯಿಗೆ ಅಡ್ಡವಾಗಿ, ಕಲ್ಲಿನ ಮೇಲೆ, ಹಳೆಯ ದನದ ಕೋಲು ಹಿಡಿದು ಬೀರಿ ಕೂತಿದ್ದಳು. ಬೆನ್ನು ಓಣಿಗೆ, ಮುಖ ರಸ್ತೆಗೆ. ಬೈಕು ಹತ್ತಿರ ಬರುತ್ತಲೇ ಎದ್ದು ಕೋಲು ಬೀಸಿದಳು.

"ಹೋಗ್, ಹೋಗ್. ಇವತ್ತು ಬ್ಯಾಡ. ಹಾರನ್ ಹೊಡಿಬ್ಯಾಡ ನೀ."

ಹುಡುಗ ಏನೋ ಹೇಳಲು ಬಾಯಿ ತೆರೆದ. ಬೀರಿ ಕೋಲನ್ನು ಅವನ ಡಬ್ಬಿಯ ಮೇಲೆ ಬಡಿದಳು. ಬೈಕು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ತಿರುಗಿ ಹೋಯಿತು.

ಕಾಶಿ ಅಲ್ಲೇ ನಿಂತಳು. ಕ್ರಯವನ್ನೂ ಕೇಳದೆ ಬೀರಿ ಮೀನಿನವನನ್ನು ಓಡಿಸಿದಳು. ಆ ಹುಡುಗ ಬರುವುದು ಬಂದರಿನ ಕಡೆಯಿಂದ. ಬಂದರಿನ ಸುದ್ದಿಯೆಲ್ಲ ಅವನ ಬಾಯಲ್ಲಿರುತ್ತದೆ. ಫೋನು ದೀಪಾಳ ಮನೆಯಲ್ಲಿದೆ. ರಾತ್ರಿ ಗಾಳಿ ಎದ್ದಿತ್ತು. ಒಂದೊಂದೇ ಎಳೆ ತಾನಾಗಿ ಬಂದು ಸೇರಿಕೊಂಡಿತು. ಬೇರೆಯವರಿಗಾಗಿ ಇಷ್ಟು ವರ್ಷ ತಾನು ಮಾಡಿದ ಕೆಲಸವನ್ನು ಇವತ್ತು ಓಣಿಗೆ ಓಣಿಯೇ ತನಗೆ ಮಾಡುತ್ತಿದೆ ಎಂಬುದು ಅವಳಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಕೂಗಲಿಲ್ಲ. ನಡೆದು ಓಣಿಯ ಬಾಯಿಗೆ ಬಂದಳು, ಬುಟ್ಟಿಯನ್ನು ಬೀರಿಯ ಕಾಲ ಬಳಿ ಇಳಿಸಿದಳು.

"ಬೀರವ್ವಾ, ಮೀನು ನೋಡಿ."

ಬೀರಿ ತಿರುಗಲಿಲ್ಲ. "ಯಾವ್ದಾರೂ ಹಾಕಿ ಹೋಗು."

"ಕ್ರಯ ಕೇಳೂದಿಲ್ವಾ?"

"ನೀ ಹೇಳಿದ್ದೇ ಕ್ರಯ."

"ಕೊಸರು?"

ಮುದುಕಿಯ ಕುತ್ತಿಗೆಯ ಮಣಿಸರಗಳು ಅಲುಗಿದವು. ಕಾಶಿ ಅವಳ ಮುಂದೆ ಬಂದು ಕುಳಿತು ಮುಖ ನೋಡಿದಳು. ಬೀರಿಯ ಕಣ್ಣು ತುಂಬಿತ್ತು. ಆ ಮುಖಕ್ಕೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಜಗಳ ಆಡಿ ಮಾತ್ರ ಅಭ್ಯಾಸ.

"ಸಂದೇಶನಾ?" ಎಂದು ಕಾಶಿ ಕೇಳಿದಳು.

ಜಗಲಿಯಿಂದ ದೀಪಾ ಓಡಿ ಬಂದಳು. ಅವಳ ಹಿಂದೆ ಜಗದೀಶ. ಇನ್ನು ಮುಚ್ಚುಮರೆ ಮಾಡಿ ಉಪಯೋಗವಿಲ್ಲವೆಂದು ದೀಪಾಳಿಗೂ ತಿಳಿಯಿತು. ಕಾಶಿಯ ಎರಡೂ ಕೈ ಹಿಡಿದು ಮೆಲ್ಲಗೆ ಹೇಳಿದಳು. "ಬೋಟು ಬಂದಿಲ್ಲ, ಅಷ್ಟೇ ಕಾಶಿಬಾಯಿ. ಬೇರೆ ಎಂತದೂ ಸುದ್ದಿ ಇಲ್ಲ. ಹುಡ್ಕೂಕೆ ಹೋಗಿದ್ದಾರೆ. ಸುಳ್ಳಲ್ಲ, ನನ್ನ ಮಗುವಿನ ಆಣೆ."

ಕಾಶಿ ಜಗಲಿಗೆ ಹೇಗೆ ಬಂದಳೆಂದು ಅವಳಿಗೇ ನೆನಪಿಲ್ಲ. ಜಗದೀಶ ಅವಳ ಫೋನನ್ನು ತಂದು ಪಕ್ಕದಲ್ಲಿಟ್ಟ. ಕಾರವಾರಕ್ಕೆ ಹೋಗುವುದಾದರೆ ಈಗಲೇ ತನ್ನ ರಿಕ್ಷಾ ತೆಗೆಯುತ್ತೇನೆ ಎಂದ. ಅವಳು ತಲೆಯಾಡಿಸಿದಳು, ಹೌದೆಂದೋ ಬೇಡವೆಂದೋ ಯಾರಿಗೂ ತಿಳಿಯಲಿಲ್ಲ. ಮೊದಲು ಬಂದದ್ದು ಸಿಟ್ಟು. ಹೆತ್ತವಳು ನಾನು, ಊರಿಗೆಲ್ಲ ಗೊತ್ತಿದ್ದು ನನಗೆ ಗೊತ್ತಿಲ್ಲ, ಮಗ ನೀರಲ್ಲಿರುವಾಗ ನಾನು ಬೋಣಿ ಒಳ್ಳೆಯದಾಯಿತೆಂದು ಖುಷಿಪಟ್ಟೆನಲ್ಲ. ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟಳು. "ನಂಗೆ ಹೇಳ್ಬೇಕಾಗಿತ್ತು ನೀವು. ಮೀನು ಮಾರಿಸಿದ್ರಲ್ಲ ನನ್ನ ಕೈಲಿ."

ಬೀರಿ ಕೋಲನ್ನು ಗೋಡೆಗೆ ಒರಗಿಸಿ ಅವಳ ಪಕ್ಕ ಕೂತಳು. "ಸಿಟ್ಟಾಗು. ಆಗ್ಬೇಕಾದ್ದೇ. ನಾ ಸಣ್ಣಾಗಿದ್ದಾಗ ದನ ಕಾಯ್ತಿದ್ದೆ, ಗೊತ್ತದೆಯಾ ನಿಂಗೆ? ಹೊಳೆ ಆಚೆ ಕಾಡಲ್ಲಿ. ದನ ಕಾಯೂದು ಅಂದ್ರೆ ದನದ ಮುಖ ನೋಡ್ತಾ ಕೂರೂದಲ್ಲ. ದನ ಮೇಯ್ಲಿ ಹೇಳಿ ಅದ್ಕೆ ಬೆನ್ನು ಹಾಕಿ, ಕಾಡಿನ ಮುಖ ನೋಡ್ತಾ ನಿಲ್ಬೇಕು. ಬರೂದು ಎಂತದಾರೂ ಆ ಕಡಿಂದ್ಲೇ ಬರ್ತದಲ್ಲ. ಹಂಗೇ ಕೂತಿದ್ದೆ ಇವತ್ತು. ರಸ್ತೇಲಿ ಯಾರಾರೂ ಕೂಗ್ತಾ ಬರೂದು ಬ್ಯಾಡ ಹೇಳಿ. ನಿನ್ನ ಗಂಡಂದು ನೀ ಹೇಳಿದ್ದೆ ನಂಗೆ. ಮೀನು ಕೈಲಿ ಇತ್ತು ಹೇಳಿದ್ದೆ."

ಕಾಶಿ ಮುದುಕಿಯ ಮುಖ ನೋಡಿದಳು. ಬೆಳಗಿನಿಂದ ತಾನು ಕಂಡ ಬೆನ್ನುಗಳೆಲ್ಲ ಕಣ್ಣ ಮುಂದೆ ಬಂದವು. ದೇವಿಯ ಬೆನ್ನು, ತುಳಸಿಯ ಕಡೆ ತಿರುಗಿದ ಚಂದನಾಳ ಬೆನ್ನು, ಕಲ್ಲಿನ ಮೇಲೆ ಬೀರಿಯ ಬಾಗಿದ ಬೆನ್ನು. ಪ್ರಗತಿಯ ಮಾಸ್ತರು ಹೇಳಿದ್ದ ಆ ಗೋಪ ಯಾರೆಂದು ಅವಳಿಗೆ ಈಗ ಗೊತ್ತಾಯಿತು. ಅವನ ಬೊಬ್ಬೆ ದನಕ್ಕಲ್ಲ, ಕಾಡಿಗೆ. ಗುಪಿತ ಎಂದರೆ ಬಾಯಿ ಮುಚ್ಚುವುದೆಂದು ಅವಳು ತಿಳಿದಿದ್ದಳು. ಬಾಯಿ ಮುಚ್ಚುವುದು ಅದರಲ್ಲಿ ಸಣ್ಣ ಪಾಲು, ಯಾರ ಕಡೆ ಬೆನ್ನು ಹಾಕಿ ಯಾವ ಕಡೆ ಮುಖ ಮಾಡಿ ನಿಂತಿದ್ದೇವೆ ಎಂಬುದು ದೊಡ್ಡ ಪಾಲು. ಸಿಟ್ಟು ಎಲ್ಲಿ ಹೋಯಿತೋ, ಅಳು ಬಂತು. ತುಳಸಿದಾಸ ಹೋದ ದಿನ ಪೇಟೆಯಲ್ಲಿ ಬಾರದ ಅಳು ಅದು. ಬೀರಿ ಅವಳ ಬೆನ್ನು ಸವರುತ್ತ ಕೂತಳು, ಅಳಬೇಡ ಎಂದು ಹೇಳಲಿಲ್ಲ.

ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಜಗಲಿಯ ಅಂಚಿಗೆ ಕೂತರು. ಈಗ ಎಲ್ಲರೂ ಅವಳ ಕಡೆ ಮುಖ ಮಾಡಿದ್ದರು. ದೇವಿ ಗಂಜಿ ತಂದಳು. ಕಾಶಿ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಬುಟ್ಟಿಯ ತಳದಲ್ಲಿ ನೋಗಲಿಯ ಎಲೆಕಟ್ಟು ಕಾಣುತ್ತಿತ್ತು. ಅದರ ಮೇಲೆ ಅವಳು ಅಂಗೈ ಇಟ್ಟುಕೊಂಡಳು. ಹಾಗೇ ಕೂತಳು.

ಫೋನು ಹೊಡೆದುಕೊಂಡಾಗ ಯಾರಿಗೂ ಅದನ್ನು ಎತ್ತುವ ಧೈರ್ಯವಾಗಲಿಲ್ಲ. ಕೊನೆಗೆ ಕಾಶಿಯೇ ಎತ್ತಿದಳು. ಆ ಕಡೆ ರೂಪಾ ಅಳುತ್ತಿದ್ದಳು. ಅಳುವಿನಲ್ಲಿ ಎರಡು ಬಗೆ ಇದೆ, ಕೇಳಿದವರಿಗೆ ಗೊತ್ತಾಗುತ್ತದೆ. ಕಾಶಿ ಬದಿಯ ಕಂಬಕ್ಕೆ ಒರಗಿದಳು.

"ಸಿಕ್ಕಿದ್ರು ಆಯಿ. ಎಲ್ಲರೂ ಸಮಾ ಇದ್ದಾರೆ. ಬೋಟಿನ ಫ್ಯಾನಿಗೆ ಬಲೆ ಸುತ್ತಿ ಇಂಜಿನು ನಿಂತುಹೋಗಿತ್ತಂತೆ. ದ್ವೀಪದ ಮರೆಗೆ ಲಂಗರು ಹಾಕಿ ಕೂತಿದ್ರಂತೆ. ಈಗ ಬೇರೆ ಬೋಟು ಎಳಕಂಡು ಬರ್ತಾ ಅದೆ. ನೀವು ಎಲ್ಲಿದ್ದೀರಿ? ನಿಮಗೆ ಯಾರಾದ್ರೂ ಹೇಳಿದ್ರಾ?"

"ಯಾರೂ ಹೇಳಲಿಲ್ಲ" ಎಂದಳು ಕಾಶಿ. "ಎಲ್ಲರೂ ಗುಪಿತ ಇಟ್ಟಿದ್ರು."

ಮತ್ತೆ ಸ್ವಲ್ಪ ಹೊತ್ತಿಗೆ ಸಂದೇಶನೇ ಯಾರದ್ದೋ ಫೋನಿನಿಂದ ಮಾತಾಡಿದ. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸಿದ್ದಿಷ್ಟು: "ಆಯಿ, ಹಸಿವಾಗ್ತದೆ. ರಾತ್ರಿಯಿಂದ ಎಂತದೂ ತಿಂದಿಲ್ಲ." ಇಷ್ಟು ಹೊತ್ತು ಗಟ್ಟಿಯಾಗಿ ಕೂತಿದ್ದ ದೇವಿ ಈಗ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಚಂದನಾ ಯಾರಿಗೂ ಕಾಣದಂತೆ ತುಳಸಿಕಟ್ಟೆಗೆ ಕೈ ಮುಗಿದಳು, ಎಲ್ಲರೂ ನೋಡಿದರು. ಕಾಶಿಗೆ ಹೋದ ಜೀವ ಬಂದಂತಾಯಿತು. ಬಿಟ್ಟಿದ್ದ ಗಂಜಿಯ ಬಟ್ಟಲನ್ನು ಎತ್ತಿ ಒಂದೇ ಉಸಿರಿಗೆ ಕುಡಿದು ಮುಗಿಸಿದಳು, ಇನ್ನೂ ಇದ್ದರೆ ಕೊಡು ಎಂದಳು.

ಜಗದೀಶ ರಿಕ್ಷಾ ತೆಗೆಯಲು ಹೋದ. ಕಾಶಿ ಮುಖ ತೊಳೆದು ಬಂದು ಬುಟ್ಟಿಗೆ ಕೈ ಹಾಕುವಷ್ಟರಲ್ಲಿ ಬೀರಿ ಬಟ್ಟಲು ಹಿಡಿದು ಎದುರು ನಿಂತಿದ್ದಳು. ದನಿ ಹಳೆಯ ಬೀರಿಯದ್ದು.

"ಎಲ್ಲಿಗೆ ಹೊರಟೆ? ಬೆಳಗಿಂದ ಓಣಿಗೆಲ್ಲ ಬಾಯಿಗೆ ಬಂದ ಕ್ರಯ ಹೇಳಿ ಸುಲ್ದಿದ್ದೆ ನೀ. ಒಂದು ಮನಿಗಾರೂ ಕೊಸರು ಹಾಕಿದ್ಯಾ?"

"ನೀವು ಕೇಳಿದ್ರಾ?"

"ಕೇಳೂಕೆ ಬಾಯಿ ಬರ್ಬೇಕಲ್ಲೇ. ಈಗ ಕೇಳ್ತೆ. ಹಾಕು."

ಕಾಶಿ ಬದಿಯಲ್ಲಿದ್ದ ಸಣ್ಣ ಮೀನುಗಳನ್ನು ಒಂದೊಂದೇ ತೆಗೆದಳು. ದೇವಿಗೊಂದು, ಚಂದನಾಳಿಗೊಂದು, ಬಂದ ಎಲ್ಲ ಬಟ್ಟಲಿಗೂ ಒಂದೊಂದು. ಇದು ಸಣ್ಣದು, ಇದು ಮೆತ್ತಗಾಗಿದೆ, ಇದು ನಿನ್ನೆಯದ್ದು ಎಂದು ಓಣಿಯೆಲ್ಲ ಒಟ್ಟಿಗೆ ಬಾಯಿ ಮಾಡತೊಡಗಿತು. ಆ ಗದ್ದಲ ಕಾಶಿಯ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಅವಳು ಬೇಕೆಂದೇ ಒಂದೆರಡು ಮೀನಿಗೆ ಹಟ ಹಿಡಿದಳು. ಬೀರಿಗೆ ಅಷ್ಟು ಸಾಲಲಿಲ್ಲ.

"ಬೈಕಿನವನ ಓಡಿಸಿದ್ದಕ್ಕೆ ಬೇರೆ ಕೊಸರು. ಹಸಿ ಮೀನು ಬ್ಯಾಡ, ಒಣ ಶೆಟ್ಲಿ ಕೊಡು ಒಂದು ಹಿಡಿ" ಎಂದವಳು ಸೊಸೆ ಪಕ್ಕದಲ್ಲಿರುವುದನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ಬಸಳೆ ಕಟ್ಟಿನ ಒಳಗೆ ಬರ್ತದಲ್ಲ ಅತ್ತೆ, ಅದೇ ಸಾಕು ನಿಮ್ಗೆ" ಎಂದಳು ದೀಪಾ, ಮೀನು ತೊಳೆಯುತ್ತ, ತಲೆಯೆತ್ತದೆ.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಕಾಶಿಯೂ ನಕ್ಕಳು, ನಗುವಾಗ ಮತ್ತೆ ಕಣ್ಣು ಒದ್ದೆಯಾಯಿತು. ಬೀರಿಯ ಮುಖ ಮಾತ್ರ ಉರಿಯುತ್ತಿತ್ತು. ಆ ಅವಮಾನ ತೀರಿಸಿಕೊಳ್ಳಲು ಬುಟ್ಟಿಯೊಳಗೆ ಬಗ್ಗಿ ನೋಡಿ, ತಳದಲ್ಲಿ ಉಳಿದಿದ್ದ ಎಲೆಕಟ್ಟಿಗೆ ಕೈ ಹಾಕಿದಳು. ಅಂಚು ಬಿಡಿಸಿ ನೋಡಿದಳು.

"ನೋಗಲಿ. ಒಳ್ಳೇದನ್ನೆಲ್ಲ ತಳದಲ್ಲಿ ಮುಚ್ಚಿ ಇಟ್ಟಿದ್ಯೇ ನೀ. ಇದನ್ನೇ ಹಾಕು ಕೊಸರಿಗೆ."

ಕಾಶಿ ಎಲೆಯ ಅಂಚನ್ನು ಮತ್ತೆ ಮಡಚಿ, ಅಂಗೈಯಿಂದ ಒಮ್ಮೆ ಒತ್ತಿದಳು.

"ಅದು ಮಾರೂಕಲ್ಲ ಬೀರವ್ವಾ. ನನ್ನ ಮಗನಿಗೆ, ಸಂಜೆ ಊಟಕ್ಕೆ."

ಬೀರಿ ಕೈ ಹಿಂದಕ್ಕೆ ತೆಗೆದಳು. "ಹಂಗಾರೆ ಬ್ಯಾಡ" ಎಂದಳು. ತನ್ನ ಬಟ್ಟಲಿನಿಂದ ಕೊಸರಿನ ಬಂಗಡೆಯನ್ನು ಎತ್ತಿ ಎಲೆಕಟ್ಟಿನ ಪಕ್ಕದಲ್ಲಿಟ್ಟಳು. "ಇದನ್ನೂ ಹುರಿದು ಹಾಕು ಅಂವಂಗೆ."